ಪಡೆಯುವವರು ಹೊರಗೆ ಕೂರಬೇಕು

ಟೈಪಮ್ಮನವರನ್ನು ನಾನು ಎರಡು ವರ್ಷ ವಕೀಲರೆಂದೇ ತಿಳಿದಿದ್ದೆ. ಅದು ಸಣ್ಣ ತಪ್ಪು. ದೊಡ್ಡ ತಪ್ಪೆಂದರೆ, ನಿಜವಾದ ವಕೀಲರನ್ನು ಅದೇ ಎರಡು ವರ್ಷ ಆ ಆಫೀಸಿನ ಜವಾನರೆಂದು ತಿಳಿದಿದ್ದು.

ತಪ್ಪು ಪೂರ್ತಿ ನನ್ನದೇ ಎಂದು ಒಪ್ಪಿಕೊಳ್ಳಲು ಈಗಲೂ ಮನಸ್ಸಿಲ್ಲ. ಬೀಗದ ಅಂಗಡಿಯ ಮೇಲಿನ ಆ ಕೋಣೆಗೆ ನಾನು ಮೊದಲ ಸಲ ಹತ್ತಿ ಹೋದದ್ದು ಒಂದು ಅಫಿಡವಿಟ್ಟಿಗಾಗಿ. ನನ್ನ ಬಳಿಯಿದ್ದ ಎರಡು ದಾಖಲೆಗಳ ಪ್ರಕಾರ ನಾನು ಎರಡು ಬೇರೆ ಬೇರೆ ವರ್ಷಗಳಲ್ಲಿ ಹುಟ್ಟಿದ್ದೆ. ಹುಟ್ಟಿದ್ದು ಒಂದೇ ಸಲ ಎಂದು ಪ್ರಮಾಣ ಮಾಡಿ ಹೇಳಬೇಕಿತ್ತು. ಒಳಗೆ ಹೋದರೆ, ಕೋಣೆಯ ಅರ್ಧ ತುಂಬಿದ ಮೇಜು. ಅದರ ಹಿಂದೆ ಕನ್ನಡಕವನ್ನು ಹಣೆಗೇರಿಸಿಕೊಂಡ ಹೆಂಗಸು. ಎದುರಿಗೆ ಕೈಕಟ್ಟಿ ನಿಂತ ಇಬ್ಬರು ದಪ್ಪ ಗಂಡಸರು. "ಇದು ಹೀಗೆ ಆಗಲ್ಲ. ಹೋಗಿ, ನಿಮ್ಮಕ್ಕನ್ನೂ ಕರ್ಕೊಂಡು ಬನ್ನಿ" ಎಂದರು ಆಕೆ. ದಪ್ಪ ಗಂಡಸರು ತೆಪ್ಪಗೆ ಇಳಿದು ಹೋದರು. ಮೂಲೆಯಲ್ಲೊಂದು ಸ್ಟೂಲು. ಅದರ ಮೇಲೆ ನರೆಗೂದಲಿನ ಒಬ್ಬರು, ಸೂಜಿ ದಾರ ಹಿಡಿದು ಕಾಗದದ ಕಟ್ಟನ್ನು ಹೊಲಿಯುತ್ತಿದ್ದರು. ಇಷ್ಟು ನೋಡಿದ ಮೇಲೆ ಯಾವನು ತಾನೆ ಬೇರೆ ತಿಳಿದಾನು? ನಾನು ಒದ್ದೆ ಕೊಡೆಯನ್ನು ಅವರ ಕೈಗೆ ಕೊಟ್ಟು, "ಸ್ವಲ್ಪ ಮೂಲೇಲಿಡಪ್ಪಾ" ಎಂದೆ. ಅವರು ಎದ್ದು ಇಟ್ಟರು. ಹೊರಡುವಾಗ ನೆನಪಿಟ್ಟು ತಂದುಕೊಟ್ಟರು. ಚಿಲ್ಲರೆ ಕೊಡೋಣವೆಂದು ಜೇಬಿಗೆ ಕೈ ಹಾಕಿದೆ. ದೇವರು ದೊಡ್ಡವನು, ಚಿಲ್ಲರೆ ಇರಲಿಲ್ಲ.

ಎರಡು ವರ್ಷದ ಮೇಲೆ ಒಂದು ಸಭೆಯಲ್ಲಿ ಅದೇ ನರೆಗೂದಲಿನವರನ್ನು ವೇದಿಕೆಗೆ ಕರೆದು, ನಲವತ್ತೈದು ವರ್ಷ ವಕೀಲಿ ಮಾಡಿದ ಹಿರಿಯರೆಂದು ಶಾಲು ಹೊದಿಸಿದರು. ನಾನು ಕಂಬದ ಹಿಂದೆ ಸರಿದೆ. ಮರುದಿನ ಹಲ್ಲು ಕಚ್ಚಿಕೊಂಡು ಮಹಡಿ ಹತ್ತಿ ಕ್ಷಮೆ ಕೇಳಿದರೆ, ಅವರು ಸೂಜಿಗೆ ದಾರ ಪೋಣಿಸುತ್ತಲೇ, "ಬಿಡಿ ಸ್ವಾಮಿ, ನನ್ನ ಹೆಂಡತಿಯೂ ಹಾಗೇ ತಿಳ್ಕೊಂಡಿದ್ದಾಳೆ" ಎಂದರು. ಆಮೇಲೆ ಮೇಜಿನ ಕಡೆ ಗಲ್ಲ ತೋರಿಸಿ, "ನಾನು ಕೋರ್ಟಲ್ಲಿ ಜಗಳ ಗೆಲ್ಲೋನು. ಅವರು ಇಲ್ಲಿ ಜಗಳ ಹುಟ್ಟದ ಹಾಗೆ ನೋಡ್ಕೊಳ್ಳೋರು. ದೊಡ್ಡ ಮೇಜು ಯಾರಿಗೆ ಕೊಡ್ಬೇಕು, ನೀವೇ ಹೇಳಿ" ಎಂದು ಕೇಳಿದರು.

ಟೈಪಮ್ಮ ತಲೆ ಎತ್ತದೆ, "ಅವರಿಗೆ ಬೆನ್ನು ನೋವು. ಸ್ಟೂಲ್ ಮೇಲೆ ಕೂತ್ರೆ ಆರಾಮ. ಅದಕ್ಕೆ ಇಷ್ಟು ಪುರಾಣ" ಎಂದರು.

ಟೈಪಮ್ಮ ಎನ್ನುವುದು ಜನ ಇಟ್ಟ ಹೆಸರು. ಹದಿನೇಳನೆಯ ವಯಸ್ಸಿಗೆ ಟೈಪಿಂಗ್ ಪರೀಕ್ಷೆ ಪಾಸು ಮಾಡಿ ಆ ಕೋಣೆಗೆ ಬಂದವರು, ಐವತ್ತೆಂಟಾದರೂ ಅಲ್ಲೇ ಇದ್ದಾರೆ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಿದೆ, ಆದರೆ ಬೆರಳುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಕಬ್ಬಿಣದ ಕೀಲಿಗಳನ್ನು ಕುಟ್ಟಿದ ರಭಸದಲ್ಲೇ ಪ್ಲಾಸ್ಟಿಕ್ಕನ್ನೂ ಕುಟ್ಟುತ್ತಾರೆ. ವರ್ಷಕ್ಕೆ ಎರಡು ಕೀಬೋರ್ಡು ಅವರ ಕೈಯಲ್ಲಿ ಪ್ರಾಣ ಬಿಡುತ್ತವೆ. ಕೆಳಗೆ ಬೀಗದ ಅಂಗಡಿಯವರು ಆ ಸದ್ದಿನಿಂದಲೇ ಮೇಲೆ ಯಾವ ಕಾಗದ ಹುಟ್ಟುತ್ತಿದೆ ಎಂದು ಹೇಳಬಲ್ಲರು. ಬಾಡಿಗೆ ಕರಾರಾದರೆ ಒಂದೇ ಸಮ ಮಳೆ. ಉಯಿಲಾದರೆ ನಾಲ್ಕು ಹನಿ, ಆಮೇಲೆ ಮೌನ, ಮತ್ತೆ ನಾಲ್ಕು ಹನಿ.

ಆ ಮೌನವೇ ಟೈಪಮ್ಮನ ನಿಜವಾದ ಕಸುಬು. ಉಯಿಲು ಬರೆಸಲು ಬಂದವರ ಆಸ್ತಿಯನ್ನು ಅವರು ಮೊದಲು ಕೇಳುವುದೇ ಇಲ್ಲ. ಕೇಳುವುದು, "ಬೆಳಿಗ್ಗೆ ಎದ್ದು ಮೊದ್ಲು ಯಾರನ್ನ ಕೂಗ್ತೀರಿ?" ಎಂದು. ಹತ್ತು ನಿವೇಶನಗಳ ಪಟ್ಟಿ ಬಾಯಿಪಾಠ ಮಾಡಿಕೊಂಡು ಬಂದ ಯಜಮಾನರು ಈ ಪ್ರಶ್ನೆಗೆ ಬಾಯಿ ಬಾಯಿ ಬಿಡುವುದನ್ನು ನಾನೇ ಕಂಡಿದ್ದೇನೆ. ಎರಡನೆಯ ಪದ್ಧತಿ, ಒಂದು ವಾಕ್ಯ ಓದಿ ಹೇಳಿದ ಮೇಲೆ "ಗೊತ್ತಾಯ್ತು" ಎಂದರೆ ನಡೆಯುವುದಿಲ್ಲ. ಗೊತ್ತಾದದ್ದನ್ನು ನಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ತನ್ನ ಸೋದರತ್ತೆಯ ಬ್ಯಾಂಕ್ ಖಾತೆಗೆ ತಾನೇ ನಾಮಿನಿ ಎಂದು ಎದೆಯುಬ್ಬಿಸಿ ಬಂದ ಒಬ್ಬ ಮಹಾಶಯರಿಗೆ, "ನಾಮಿನಿ ಅಂದ್ರೆ ಪಾರ್ಸೆಲ್ ತಗೊಳ್ಳೋರು ಇದ್ದ ಹಾಗೆ. ಬಾಗಿಲಲ್ಲಿ ಸಹಿ ಹಾಕಿ ತಗೋತೀರಿ. ಒಳಗಿರೋದು ಯಾರದ್ದೋ ಅವರಿಗೆ ಕೊಡ್ಬೇಕು. ಈಗ ನೀವು ಹೇಳಿ" ಎಂದರು. ಆ ಮನುಷ್ಯ ಮೂರು ಸಲ ಹೇಳಿದರೂ ಪಾರ್ಸೆಲ್ ಅವರ ಮನೆಯಲ್ಲೇ ಉಳಿಯುತ್ತಿತ್ತು. ನಾಲ್ಕನೆಯ ಸಲಕ್ಕೆ ಸರಿಯಾಯಿತು, ಮುಖ ಮಾತ್ರ ಬಾಡಿತು.

ಮೂರನೆಯದು ಬೆಂಚು. ಮೆಟ್ಟಿಲು ಮುಗಿಯುವಲ್ಲಿ, ಬಾಗಿಲಿನ ಹೊರಗೆ, ಒಂದು ಮರದ ಬೆಂಚಿದೆ. ಉಯಿಲಿನಿಂದ ಯಾರಿಗೆ ಏನಾದರೂ ಸಿಗುವುದಿದ್ದರೆ ಅವರೆಲ್ಲ ಅಲ್ಲಿ ಕೂರಬೇಕು. ಮಗನಾಗಲಿ, ಮಗಳಾಗಲಿ, ಕೈಹಿಡಿದು ಮಹಡಿ ಹತ್ತಿಸಿದ ಹೆಂಡತಿಯಾಗಲಿ. "ಕೊಡೋರು ಒಳಗೆ, ಪಡೆಯೋರು ಹೊರಗೆ" ಎಂದು ಹೇಳಿ ಬಾಗಿಲು ಹಾಕಿಕೊಳ್ಳುತ್ತಾರೆ. "ಪಕ್ಕದಲ್ಲಿ ಮಗ ಕೂತಿದ್ರೆ ಅಪ್ಪನ ಬಾಯಿಂದ ಬರೋದು ಮಗನ ಮಾತು. ನಂಗೆ ಬೇಕಾಗಿರೋದು ಅಪ್ಪಂದು" ಎಂದು ಅವರ ವಾದ.

ಇಷ್ಟು ಕಟ್ಟುನಿಟ್ಟು ಏಕೆಂದು ನಾನೊಮ್ಮೆ ಕೇಳಿದ್ದೆ. ಊಟದ ಡಬ್ಬಿ ತೆರೆದುಕೊಂಡಿದ್ದರು. ಹೊಟ್ಟೆಗೆ ಬೀಳುವಾಗ ಮನುಷ್ಯರು ಸ್ವಲ್ಪ ಸಡಿಲವಾಗುತ್ತಾರೆ.

"ನಮ್ಮಪ್ಪ ಬಹಳ ಪ್ರೀತಿಯವರು" ಎಂದರು. "ನಾವು ನಾಲ್ಕು ಜನ ಮಕ್ಕಳು. ಒಬ್ಬೊಬ್ಬರನ್ನೂ ಪಕ್ಕಕ್ಕೆ ಕರೆದು, ಬೇರೆಯವರಿಗೆ ಹೇಳ್ಬೇಡ, ಈ ಮನೆ ನಿಂಗೇ ಅಂತ ಹೇಳಿದ್ರು. ನಾಲ್ವರಿಗೂ ಖುಷಿಯಾಗ್ಲಿ ಅಂತ. ಅವರು ಹೋದ ಮೇಲೆ ನೋಡಿದ್ರೆ ಮಾಲೀಕರು ನಾಲ್ಕು ಜನ, ಮನೆ ಒಂದು. ಕಾಗದ ಒಂದು ಚೂರೂ ಇಲ್ಲ."

"ಆಮೇಲೆ?"

"ಆಮೇಲೇನು, ಹನ್ನೊಂದು ವರ್ಷ ನಾವು ನಾಲ್ವರೂ ಮಾತಾಡ್ಲಿಲ್ಲ. ಪ್ರತಿಯೊಬ್ಬರಿಗೂ ಉಳಿದ ಮೂವರು ಸುಳ್ಳುಗಾರರು. ಯಾರೂ ಸುಳ್ಳು ಹೇಳಿರ್ಲಿಲ್ಲ, ಅದೇ ಕಷ್ಟ." ಡಬ್ಬಿಯ ಮುಚ್ಚಳ ಹಾಕಿ, "ಊರಿಗೆಲ್ಲ ಟೈಪ್ ಮಾಡ್ತಿದ್ದೆ. ನಮ್ಮಪ್ಪಂಗೆ ಒಂದು ಪುಟ ಟೈಪ್ ಮಾಡ್ಕೊಡ್ಲಿಲ್ಲ ನೋಡಿ" ಎಂದು ಎದ್ದು ಕೈ ತೊಳೆಯಲು ಹೋದರು.

ಇಂಥವರ ಮುಂದೆ ನನ್ನ ಸೋದರಮಾವನನ್ನು ಕರೆದುಕೊಂಡು ಹೋಗುವ ದಿನ ಬಂತು.

ಮಾವ ನಿವೃತ್ತ ಹೆಡ್‌ಮಾಸ್ಟರು. ನಿವೃತ್ತಿ ಎನ್ನುವುದು ಶಾಲೆಯ ದಾಖಲೆಯಲ್ಲಿ ಮಾತ್ರ. ಮನೆಯಲ್ಲಿ ಗಂಟೆ ಹೊಡೆಯುವುದು ನಿಂತಿರಲಿಲ್ಲ. ಅತ್ತೆ ಹಾಸಿಗೆ ಹಿಡಿದಾಗ ನೋಡಿಕೊಳ್ಳಲೆಂದು ಅವರ ತಂಗಿ ಬಂದಿದ್ದರು, ಎರಡು ತಿಂಗಳ ಮಟ್ಟಿಗೆ. ಅತ್ತೆ ಹೋದರು, ಮಾವನ ಒಬ್ಬಳೇ ಮಗಳು ಆಗಿನ್ನೂ ಸ್ಕೂಲಿನಲ್ಲಿದ್ದಳು, ತಂಗಿ ಉಳಿದರು. ಆ ಎರಡು ತಿಂಗಳು ಹೋದ ವರ್ಷಕ್ಕೆ ಇಪ್ಪತ್ತಾರು ವರ್ಷವಾಯಿತು. ನನಗೆ ಅವರು ಚಿಕ್ಕತ್ತೆ. ಹಿಂದಿನ ಕೋಣೆಯಲ್ಲಿ ಹೆಣಿಗೆಯ ಮೆಷಿನ್ನು ಇಟ್ಟುಕೊಂಡು ಮೂರು ಶಾಲೆಗಳಿಗೆ ಸ್ವೆಟರ್ ಮಾಡಿಕೊಡುತ್ತಾರೆ. ಮೆಷಿನ್ನಿನ ಸರಕ್ ಸರಕ್ ಕೇಳದಿದ್ದರೆ ಮಾವನಿಗೆ ಮಧ್ಯಾಹ್ನದ ನಿದ್ದೆ ಹತ್ತದು, ಆದರೆ "ಆ ಸದ್ದು ನಿಲ್ಸಮ್ಮ ತಾಯಿ" ಎಂದು ಬೈಯದೆ ಮಲಗಿದವರೂ ಅಲ್ಲ.

ಮಾವನಿಗೆ ಎದೆನೋವು ಬಂದು ಒಂದು ವಾರ ಆಸ್ಪತ್ರೆಯಲ್ಲಿದ್ದರು. ಮಗಳು ತಾನಿರುವ ಊರಿನಿಂದ ಓಡಿ ಬಂದಳು. ಒಳ್ಳೆಯ ಹುಡುಗಿ, ಅತ್ತದ್ದೂ ನಿಜ, ಔಷಧಿಯ ಚೀಟಿಗಳನ್ನು ಬಣ್ಣಬಣ್ಣದ ಕ್ಲಿಪ್ಪಿನಲ್ಲಿ ಜೋಡಿಸಿದ್ದೂ ನಿಜ. ಆಸ್ಪತ್ರೆಯ ಕಾರಿಡಾರಿನಲ್ಲಿ ಚಿಕ್ಕತ್ತೆಯ ಕೈ ಹಿಡಿದುಕೊಂಡು, "ಮುಂದೆ ಏನೇ ಆಗ್ಲಿ ಚಿಕ್ಕಮ್ಮ, ನೀನು ಯೋಚ್ನೆ ಮಾಡ್ಬೇಡ. ಈ ಮನೆ ಕೊಟ್ಟುಬಿಡೋಣ. ನೀನು ನಮ್ಮ ಜೊತೆಗೇ ಇರ್ತೀಯ. ಮಕ್ಕಳ ರೂಮಲ್ಲಿ ಒಂದು ಮಂಚ ಹಾಕಿದ್ರಾಯ್ತು" ಎಂದಳು.

ಚಿಕ್ಕತ್ತೆ "ಆಯ್ತಮ್ಮ" ಎಂದರು. ಅವಳು ಔಷಧಿ ತರಲು ಹೋದ ಮೇಲೆ ನನ್ನ ಕಡೆ ತಿರುಗಿ, ಯಾವುದೋ ಬಸ್ಸಿನ ಸಮಯ ಕೇಳುವವರ ಹಾಗೆ ಕೇಳಿದರು: "ಮೆಷಿನ್ನು ಎಲ್ಲಿ ಇಡೋದಪ್ಪಾ? ಅವರದ್ದು ನಾಲ್ಕನೇ ಮಹಡಿ. ಕೆಳಗಿನ ಮನೆಯವರು ಕುರ್ಚಿ ಎಳೆದ್ರೂ ಫೋನ್ ಮಾಡ್ತಾರಂತೆ."

ಆಗ ನನ್ನ ತಲೆಗೆ ಹೊಳೆಯಿತು. ಮಾವ ಏನೂ ಬರೆದಿಡದೆ ಹೋದರೆ ಮನೆ ಮಗಳದು, ಪೂರ್ತಿ. ಹೆಂಡತಿಯ ತಂಗಿ ಎನ್ನುವ ಸಂಬಂಧ ಕಾನೂನಿನ ಪಟ್ಟಿಯಲ್ಲಿ ಎಲ್ಲೂ ಬರುವುದಿಲ್ಲ. ಇಪ್ಪತ್ತಾರು ವರ್ಷ ಕಳೆದರೂ ಚಿಕ್ಕತ್ತೆ ಆ ಮನೆಯಲ್ಲಿ, ಕಾಗದದ ಲೆಕ್ಕಕ್ಕೆ, ಇನ್ನೂ ಎರಡು ತಿಂಗಳಿಗೆಂದು ಬಂದ ನೆಂಟರು.

ಮಾವ ಮನೆಗೆ ಬಂದ ಮೇಲೆ ಮೆಲ್ಲಗೆ ವಿಷಯ ತೆಗೆದೆ. ಅವರು ದಿಂಬಿಗೊರಗಿ ನಕ್ಕರು. ಹೆಡ್‌ಮಾಸ್ಟರ ನಗೆ, ದಡ್ಡ ಹುಡುಗ ಪ್ರಶ್ನೆ ಕೇಳಿದಾಗ ನಗುವಂಥದ್ದು.

"ನೀನು ಈಗ ಯೋಚ್ನೆ ಮಾಡ್ತಿದ್ದೀಯ. ನಾನು ನಾಲ್ಕು ವರ್ಷದ ಹಿಂದೆಯೇ ಬರೆದು, ಸಹಿ ಮಾಡಿ, ದೃಢೀಕರಿಸಿ, ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದೀನಿ. ಮನೆ ನಿನ್ನ ಚಿಕ್ಕತ್ತೆಗೇ ಬರೆದಿದ್ದೀನಿ ಕಣೋ."

"ಯಾರ ಹತ್ರನಾದ್ರೂ ಒಮ್ಮೆ ತೋರಿಸೋಣ ಮಾವ."

"ತೋರಿಸು. ನಾಲ್ಕು ಜನ ನೋಡಿ ಕಲೀಲಿ."

ಹೀಗೆ ನಾವು ಮೂವರು ಬೀಗದ ಅಂಗಡಿಯ ಮಹಡಿ ಹತ್ತಿದೆವು. ಟೈಪಮ್ಮ ಚಿಕ್ಕತ್ತೆಯನ್ನು ಒಮ್ಮೆ ನೋಡಿ, "ತಾಯಿ, ನೀವು ಹೊರಗೆ ಬೆಂಚ್ ಮೇಲೆ" ಎಂದರು. ನಾನೂ ಎದ್ದೆ. ಮಾವ ನನ್ನ ತೋಳು ಹಿಡಿದು, "ಇವನಿರ್ಲಿ. ನನ್ನ ತಂಗಿ ಮಗ. ಇವನಿಗೆ ನನ್ನಿಂದ ಸಿಗೋದು ಬೈಗುಳ ಒಂದೇ" ಎಂದರು.

"ಅದಕ್ಕೆ ಕಾಗದ ಬೇಕಾಗಿಲ್ಲ. ಕೂತ್ಕೊಳಿ" ಎಂದರು ಟೈಪಮ್ಮ.

ಮಾವ ಲಕೋಟೆಯಿಂದ ಉಯಿಲನ್ನು ತೆಗೆದು, ಪ್ರಶಸ್ತಿ ಪತ್ರ ಕೊಡುವವರಂತೆ ಎರಡೂ ಕೈಯಲ್ಲಿ ಕೊಟ್ಟರು. ಆರು ಪುಟ. ಮುತ್ತು ಪೋಣಿಸಿದಂಥ ಅಕ್ಷರ. ಮೊದಲ ಎರಡು ಪುಟ ಶಿಕ್ಷಣದ ಮಹತ್ವದ ಬಗ್ಗೆ. ಮೂರನೆಯದರಲ್ಲಿ ಕಾಲಪ್ರವಾಹ, ನಶ್ವರತೆ ಇತ್ಯಾದಿ. ಮನೆ ಬಂದದ್ದು ಐದನೆಯ ಪುಟದ ಕೊನೆಗೆ, ಅದೂ ಒಂದು ಉಪಮೆಯ ಕಂಕುಳಲ್ಲಿ. ಬರೆಯುವ ಚಟ ನಮ್ಮ ವಂಶದಲ್ಲಿ ಎಲ್ಲಿಂದ ಬಂತೆಂದು ಅಂದು ತಿಳಿಯಿತು. ಟೈಪಮ್ಮ ಪೂರ್ತಿ ಓದಿದರು. ಕೊನೆಯ ಪುಟಕ್ಕೆ ಬಂದಾಗ ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು.

"ಮೇಷ್ಟ್ರೇ, ಇಲ್ಲಿ ಬರೆದುಕೊಟ್ಟವರ ಸಹಿ ನಿಮ್ಮದು."

"ಹೌದು."

"ಇಲ್ಲಿ ಸಾಕ್ಷಿ ಒಂದು ಅಂತಿದೆ. ಇದು ಯಾರ ಸಹಿ?"

"ನನ್ನದೇ."

"ನಿಮ್ಮ ಸಹಿಗೆ ನೀವೇ ಸಾಕ್ಷೀನಾ?"

"ಮೂವತ್ತೆಂಟು ವರ್ಷ ಊರಿನ ಅಂಕಪಟ್ಟಿಗಳನ್ನೆಲ್ಲ ದೃಢೀಕರಿಸಿದವನು ನಾನು! ನನ್ನ ಸಹಿ ನನ್ನದೇ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೆಳಗೆ ಮೊಹರೂ ಇದೆ ನೋಡಿ."

ಇತ್ತು. ದುಂಡಗೆ, ನೇರಳೆ ಬಣ್ಣದಲ್ಲಿ, 'ಮುಖ್ಯೋಪಾಧ್ಯಾಯರು' ಎಂದು. ಶಾಲೆಯಿಂದ ಬರುವಾಗ ಆ ಮೊಹರು ಹೇಗೋ ಕೈಚೀಲದಲ್ಲಿ ಬಂದುಬಿಟ್ಟಿತ್ತಂತೆ. ಮೂಲೆಯಲ್ಲಿ ವಕೀಲರು ಹೊಲಿಯುವುದನ್ನು ನಿಲ್ಲಿಸಿ ಸೂಜಿಯನ್ನು ಗಾಳಿಯಲ್ಲೇ ಹಿಡಿದಿದ್ದರು.

"ಸಾಕ್ಷಿ ಎರಡು?"

"ಹೊರಗೆ ಕೂತಿದ್ದಾಳಲ್ಲ, ಅವಳದ್ದೇ. ಮನೇಲಿ ಬೇರೆ ಯಾರಿದ್ದಾರೆ? ಏನು ಅಂತ ಹೇಳಿಲ್ಲ. ಸಹಿ ಮಾಡು ಅಂದೆ, ಮಾಡಿದಳು."

"ಮನೆ ಪಡೆಯೋದೂ ಅವರೇ, ಮನೆ ಕೊಟ್ಟಿದ್ದು ನೋಡ್ದೆ ಅಂತ ಸಾಕ್ಷಿ ಹೇಳೋದೂ ಅವರೇ. ನಾಳೆ ಯಾರಾದ್ರೂ ಕೇಳಿದ್ರೆ ಮೊದ್ಲು ಮುರಿಯೋದು ಇಲ್ಲೇ." ಟೈಪಮ್ಮ ಪುಟ ತಿರುವಿದರು. "ದಿನಾಂಕ ಎಲ್ಲಿ?"

ಮಾವ ಬೆರಳಿಟ್ಟು ಖಾಲಿ ಗೆರೆ ತೋರಿಸಿದರು. "ಜಾಗ ಬಿಟ್ಟಿದ್ದೀನಿ. ಅದು ಜಾರಿಗೆ ಬರೋ ದಿನ ಹಾಕ್ಬೇಕಲ್ಲ."

"ಆ ದಿನ ಯಾರು ಹಾಕ್ತಾರೆ? ನೀವು ಎದ್ದು ಬಂದು ಹಾಕ್ತೀರಾ?"

ನಾನು ನಗಬಾರದಿತ್ತು. ಮಾವ ಎದ್ದು ನಿಂತರು. ತಮ್ಮ ಬಳಿ ಓದಿದವರು ಇಂದು ಎಲ್ಲೆಲ್ಲಿದ್ದಾರೆಂದು ಹೇಳಿದರು, ಬೆರಳು ಕುಟ್ಟುವವರಿಂದ ಪಾಠ ಹೇಳಿಸಿಕೊಳ್ಳುವ ಗತಿ ತಮಗಿನ್ನೂ ಬಂದಿಲ್ಲವೆಂದರು, ಉಯಿಲನ್ನು ಎತ್ತಿಕೊಂಡು ಇಳಿದೇಬಿಟ್ಟರು. ಬೆಂಚಿನಿಂದ ಚಿಕ್ಕತ್ತೆ ಗಾಬರಿಯಲ್ಲಿ ಎದ್ದು, ಚಪ್ಪಲಿ ಹುಡುಕುತ್ತ, "ಭಾವ, ನಿಧಾನ, ಮೆಟ್ಟಿಲು ಕಿರಿದು" ಎಂದು ಹಿಂದೆ ಓಡಿದರು. ಆದರೆ ಟೈಪಮ್ಮ, ಮಾವ ಭಾಷಣ ಮಾಡುತ್ತಿದ್ದ ಹೊತ್ತಿನಲ್ಲಿ, ಕೊನೆಯ ಎರಡು ಪುಟಗಳ ಜೆರಾಕ್ಸ್ ತೆಗೆದು ಮುಗಿಸಿದ್ದರು.

ಹದಿನೈದು ದಿನ ಮಾವ ಆ ಮಾತೆತ್ತಲಿಲ್ಲ. ನಾನು ಎತ್ತಿದರೆ ಕಿವುಡಾಗುತ್ತಿದ್ದರು. ಚಿಕ್ಕತ್ತೆ ಅಡುಗೆಮನೆಯಿಂದ ಕೈಸನ್ನೆ ಮಾಡಿ ನನ್ನನ್ನು ಕರೆದು, "ಬಿಟ್ಬಿಡಪ್ಪ, ಅವರ ಎದೆಗೆ ಆಯಾಸ ಆಗ್ಬಾರ್ದು. ನಂದೇನು, ಎಲ್ಲಾದ್ರೂ ಆಗುತ್ತೆ" ಎಂದರು. ಹೇಳಿದ್ದು ಹಾಗೆ. ಆದರೆ ಆ ವಾರ ಹೊಸ ವರ್ಷದ ಸ್ವೆಟರಿಗೆ ಅಳತೆ ಕೊಡಲು ಬಂದ ಒಂದು ಶಾಲೆಯವರಿಗೆ, "ಈ ಸಲ ಬೇರೆ ಕಡೆ ನೋಡ್ಕೊಳಿ" ಎಂದು ಹೇಳಿ ಕಳಿಸಿದ್ದರು. ಆ ವಿಷಯ ನನಗೆ ಮಾವನಿಂದಲೇ ತಿಳಿಯಿತು. "ಯಾಕೆ ಕಳಿಸಿದಳೋ!" ಎಂದು ಅವರಿಗೆ ಆಶ್ಚರ್ಯ. ಮೂವತ್ತೆಂಟು ವರ್ಷ ಮಕ್ಕಳ ಮುಖ ನೋಡಿ ಸುಳ್ಳು ಹಿಡಿದವರಿಗೆ ಅಡುಗೆಮನೆಯ ಮುಖ ಓದಲು ಬರಲಿಲ್ಲ.

ನಾನು ಟೈಪಮ್ಮನ ಬಳಿ ಹೋಗಿ ಇದನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು, ಖಾನೆಯಿಂದ ಆ ಜೆರಾಕ್ಸ್ ಪ್ರತಿ ತೆಗೆದು, ಕೆಂಪು ಪೆನ್ನಿಗಾಗಿ ವಕೀಲರತ್ತ ಕೈ ಚಾಚಿದರು. ಹತ್ತು ನಿಮಿಷ ಬರೆದರು. ಮಡಿಸಿ ನನ್ನ ಕೈಗಿತ್ತು, "ಮೇಷ್ಟ್ರಿಗೆ ಕೊಡಿ. ನೀವೇನೂ ಬಾಯಿ ಹಾಕ್ಬೇಡಿ. ಅದು ನಿಮಗೆ ಕಷ್ಟ, ಆದ್ರೂ" ಎಂದರು.

ಮಾವ ಅದನ್ನು ಬಿಡಿಸಿ ನೋಡಿದ್ದೇ ದಿಂಬು ಬಿಟ್ಟು ನೆಟ್ಟಗೆ ಕೂತರು. ಅಂಚಿನ ತುಂಬ ಕೆಂಪು ಗೆರೆ. 'ತನ್ನ ಸಹಿಗೆ ತಾನೇ ಸಾಕ್ಷಿ ಆಗಬಾರದು.' 'ಪಡೆಯುವವರು ಸಾಕ್ಷಿ ಸಹಿ ಹಾಕಬಾರದು.' 'ದಿನಾಂಕ ಇಲ್ಲ.' 'ಉಪಮೆ ಚೆನ್ನಾಗಿದೆ, ಮನೆ ನಂಬರು ಎಲ್ಲಿ?' ಮೇಲೆ ಬಲಮೂಲೆಯಲ್ಲಿ, ಸುತ್ತು ಹಾಕಿ, ನೂರಕ್ಕೆ ಹನ್ನೆರಡು.

"ಹನ್ನೆರಡು!" ಮಾವನ ಧ್ವನಿ ಒಡೆಯಿತು. "ನನಗೆ ಹನ್ನೆರಡು! ಕೈಬರಹಕ್ಕೆ ಎಷ್ಟು ಕೊಟ್ಟಿದ್ದಾಳೆ?"

ನಾನು ಕೆಳಗಿನ ಸಾಲು ತೋರಿಸಿದೆ. ಹನ್ನೆರಡೂ ಕೈಬರಹಕ್ಕೇ.

ಮಾವ ಎರಡು ಸಲ ಓದಿದರು. ಮೂರನೆಯ ಸಲ ಓದುವಾಗ ಅವರ ತುಟಿ ಅಲುಗುತ್ತಿತ್ತು. ಒಂದೊಂದು ತಪ್ಪಿನ ಮುಂದೆಯೂ ನಿಂತು, ತಲೆಯಾಡಿಸಿ, ಮುಂದೆ ಹೋಗುತ್ತಿದ್ದರು. ನ್ಯಾಯವಾಗಿ ತಿದ್ದಿದ ಉತ್ತರಪತ್ರಿಕೆಯ ಎದುರು ಅವರು ಯಾವತ್ತೂ ವಾದ ಮಾಡಿದವರಲ್ಲ. ಕೊನೆಗೆ ಕನ್ನಡಕ ತೆಗೆದು ಒರೆಸುತ್ತ, "ಮರುಪರೀಕ್ಷೆ ಯಾವತ್ತಂತೆ?" ಎಂದು ಕೇಳಿದರು.

ಪರೀಕ್ಷಕರೇ ಮನೆಗೆ ಬಂದರು, ಭಾನುವಾರ ಬೆಳಿಗ್ಗೆ, ಒಂದು ನೋಟ್‌ಬುಕ್ ಹಿಡಿದು. ಚಿಕ್ಕತ್ತೆಗೆ, "ಒಂದು ಗಂಟೆ ಎಲ್ಲಾದ್ರೂ ಹೋಗಿ ಬನ್ನಿ ತಾಯಿ" ಎಂದರು. ಚಿಕ್ಕತ್ತೆ ಹೋಗಲು ಜಾಗ ಹೊಳೆಯದೆ, ಕೈಚೀಲ ಹಿಡಿದು ಬೀದಿಯ ಕೊನೆಯವರೆಗೆ ಹೋಗಿ ನಿಂತರು. ಟೈಪಮ್ಮ ಮಾವನ ಎದುರು ಕೂತು ಮಾಮೂಲಿ ಪ್ರಶ್ನೆ ಹಾಕಿದರು.

"ಬೆಳಿಗ್ಗೆ ಎದ್ದು ಮೊದ್ಲು ಯಾರನ್ನ ಕೂಗ್ತೀರಿ?"

"ಯಾರನ್ನೂ ಕೂಗಲ್ಲ" ಎಂದರು ಮಾವ ಠೀವಿಯಿಂದ. "ಕೂಗೋ ಮೊದ್ಲೇ ಕಾಫಿ ಬಂದಿರುತ್ತೆ."

ಟೈಪಮ್ಮ ಅದನ್ನೇ ಬರೆದುಕೊಂಡರು. ಮಾವ ಕತ್ತು ಚಾಚಿ ಆ ನೋಟ್‌ಬುಕ್ಕನ್ನು ಓದಿದರು. ಆಮೇಲೆ ಎಂದರು: "ಈಗಲೇ ಅವಳ ಹೆಸರಿಗೆ ಬರೆದುಕೊಟ್ಟುಬಿಡ್ಲಾ? ಉಯಿಲೇ ಬೇಡ, ದಾನಪತ್ರ ಮಾಡಿಬಿಡೋಣ."

"ಕೊಡಿ. ನಾಳೆಯಿಂದ ನೀವು ಅವರ ಮನೇಲಿ ಇದ್ದ ಹಾಗೆ. ಮೆಷಿನ್ ಸದ್ದು ನಿಲ್ಸು ಅಂತ ಹೇಳೋ ಹಾಗಿಲ್ಲ. ದಾನ ಅಂದ್ರೆ ಕೊಟ್ಟಿದ್ದು ಹೋಯ್ತು, ವಾಪಸ್ ಕೇಳೋಕಾಗಲ್ಲ. ಉಯಿಲಾದ್ರೆ ಬದುಕಿರೋ ತನಕ ನಿಮ್ಮದೇ. ಬೇಕಾದ್ರೆ ಬದಲಾಯಿಸಬಹುದು, ಕೊನೇದು ಯಾವುದೋ ಅದು ನಿಲ್ಲುತ್ತೆ."

"ಹಾಗಾದ್ರೆ ಉಯಿಲೇ ಇರ್ಲಿ" ಎಂದರು ಮಾವ ಬೇಗನೆ. "ಮನೆ ಪೂರ್ತಿ ಅವಳಿಗೆ."

"ಅವರ ನಂತರ?"

ಈ ಪ್ರಶ್ನೆ ಆರು ಪುಟದಲ್ಲಿ ಎಲ್ಲೂ ಇರಲಿಲ್ಲ. ಮಾವ ಯೋಚಿಸಿ, "ಮಗಳಿಗೆ ಬರ್ಬೇಕು. ಅದು ಅವಳಮ್ಮ ಇದ್ದ ಮನೆ" ಎಂದರು.

"ಹಾಗಾದ್ರೆ ಹೀಗೆ ಬರೆಯೋಣ. ಮನೆ ಮಗಳಿಗೆ. ಆದ್ರೆ ಇವರು ಬದುಕಿರೋ ತನಕ ಇವರಿಗೆ ಅಲ್ಲಿ ಇರೋ ಹಕ್ಕು. ಹಿಂದಿನ ಕೋಣೆ, ಮೆಷಿನ್ನು, ಅಡುಗೆಮನೆ ಎಲ್ಲ ಸೇರಿ. ಮಗಳ ಮನೆ ನಾಲ್ಕನೇ ಮಹಡೀಲಿ ಆ ಮೆಷಿನ್ನಿಗೆ ಜಾಗ ಇಲ್ಲ, ಅದಕ್ಕೇ ಇವರು ಶಾಲೆಯವರನ್ನ ವಾಪಸ್ ಕಳಿಸಿದ್ದು. ಈಗ ನೀವು ತಿರುಗಿ ಹೇಳಿ."

"ಅಂದ್ರೆ ಅವಳು ಬಾಡಿಗೆಯವಳ ಹಾಗಾ?"

"ಬಾಡಿಗೆಯವರನ್ನ ಬಿಡಿಸಬಹುದು. ಇವರನ್ನ ಆಗಲ್ಲ. ಇವರಿರೋ ತನಕ ಮನೆ ಮಾರಿದ್ರೂ, ಕೊಂಡವರು ಇವರನ್ನ ಇಟ್ಕೊಂಡೇ ಕೊಳ್ಬೇಕು."

ಮಾವ ಪಾಠ ಒಪ್ಪಿಸಿದರು, ತಪ್ಪಿಲ್ಲದೆ. ಟೈಪಮ್ಮ ನೋಟ್‌ಬುಕ್ ಮುಚ್ಚಿ, "ಇನ್ನೊಂದಿದೆ. ನೀವಿರೋವಾಗ್ಲೇ ಮಗಳಿಗೆ ಹೇಳ್ಬೇಕು. ನೀವೇ ಹೇಳ್ಬೇಕು, ಬಾಯಿಬಿಟ್ಟು. ಲಕೋಟೆಯಿಂದ ತಿಳಿಯೋದು ಬೇಡ" ಎಂದರು. ಇದು ವಕೀಲರ ಕಾನೂನಿನಲ್ಲಿಲ್ಲ; ಟೈಪಮ್ಮನ ಕಾನೂನಿನಲ್ಲಿದೆ.

ಮುಂದಿನ ಶನಿವಾರ ಮಗಳು ಬಂದಳು. ಬೀಗದ ಅಂಗಡಿಯ ಮಹಡಿಯಲ್ಲಿ ಮಾವನೂ ನಾನೂ ಒಳಗೆ, ಅವಳೂ ಚಿಕ್ಕತ್ತೆಯೂ ಬೆಂಚಿನ ಮೇಲೆ. ಆರು ಪುಟ ಒಂದೂವರೆ ಪುಟವಾಗಿತ್ತು. ಟೈಪಮ್ಮ ಓದಿದರು, ಮಾವ ತಿರುಗಿ ಹೇಳಿದರು. ಕೆಳಗಿನಿಂದ ಬೀಗದ ಅಂಗಡಿಯವರೂ ಪಕ್ಕದ ಕನ್ನಡಕದ ಅಂಗಡಿಯ ಹೆಂಗಸೂ ಸಾಕ್ಷಿಗೆ ಬಂದರು. ಇಬ್ಬರಿಗೂ ಮಾವನಿಗಿಂತ ಇಪ್ಪತ್ತು ವರ್ಷ ಕಡಿಮೆ, ಇಬ್ಬರೂ ಊರು ಬಿಟ್ಟು ಹೋಗುವವರಲ್ಲ. ಟೈಪಮ್ಮ ಸಾಕ್ಷಿಗಳನ್ನು ಆರಿಸುವುದು ಹಾಗೆ. ಮಾವ ಅವರ ಕಣ್ಣೆದುರು ಸಹಿ ಹಾಕಿ, ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿದರು. "ಮೊಹರು ಬೇಡ ಮೇಷ್ಟ್ರೇ" ಎಂದರು ಟೈಪಮ್ಮ. ದಿನಾಂಕದ ಮುಂದೆ ಪೆನ್ನು ನಿಂತಿತು. ನಾನು ಕಿಟಕಿಯ ಕಡೆ ನೋಡಿದೆ. ಟೈಪಮ್ಮ ಮಾತ್ರ ಕಣ್ಣು ಕೀಳಲಿಲ್ಲ. ಮಾವ ದಿನಾಂಕ ಬರೆದರು. ಸಾಕ್ಷಿಗಳು ಸಹಿ ಹಾಕಿ ತಮ್ಮ ತಮ್ಮ ಅಂಗಡಿಗೆ ಇಳಿದರು.

ಆಮೇಲೆ ಬಾಗಿಲು ತೆರೆದು ಇಬ್ಬರನ್ನೂ ಒಳಗೆ ಕರೆದರು. ಮಾವ ಎದ್ದು ನಿಂತೇ ಹೇಳಿದರು. ಮಗಳ ಮುಖ ಸಣ್ಣಗಾಯಿತು.

"ಅಪ್ಪಾ, ನಾನು ಚಿಕ್ಕಮ್ಮನ್ನ ಹೊರಗೆ ಹಾಕ್ತೀನಿ ಅಂದ್ಕೊಂಡ್ಯಾ?"

"ಇಲ್ಲಮ್ಮ. ನೀನು ಒಳಗಿಟ್ಕೋತೀಯ ಅಂತಾನೇ ಅವಳಿಗೆ ಭಯ."

ಮಗಳು ಚಿಕ್ಕತ್ತೆಯ ಕಡೆ ತಿರುಗಿದಳು. ಚಿಕ್ಕತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು.

"ಹೇಳ್ಬಾರ್ದಿತ್ತಾ ಚಿಕ್ಕಮ್ಮ?"

"ಕೇಳ್ಬಾರ್ದಿತ್ತಾ ನೀನು?"

ಇಬ್ಬರೂ ಒಂದು ಕ್ಷಣ ಗುರಾಯಿಸಿಕೊಂಡರು. ಆಮೇಲೆ ಮಗಳು ಮೂಗೊರೆಸಿಕೊಂಡು, "ಸರಿ. ಮನೆ ಯಾವಾಗ್ಲಾದ್ರೂ ಬರ್ಲಿ. ಅಮ್ಮನ ಹೊಲಿಗೆ ಪೆಟ್ಟಿಗೆ ಮಾತ್ರ ನಂಗೆ ಈಗ್ಲೇ ಬೇಕು" ಎಂದಳು.

"ತಗೊಂಡು ಹೋಗೇ. ಕತ್ತರಿ ಬಿಟ್ಟು" ಎಂದರು ಚಿಕ್ಕತ್ತೆ. "ನಾಡಿದ್ದು ಶಾಲೆಯವರಿಗೆ ಫೋನ್ ಮಾಡ್ಬೇಕು ಭಾವ, ಅಳತೆ ತಗೊಂಡು ಬನ್ನಿ ಅಂತ. ಬೇರೆ ಕಡೆ ಕೊಟ್ಟುಬಿಟ್ರೋ ಏನೋ."

ಎಲ್ಲ ಮುಗಿದಿತ್ತು. ವಕೀಲರು ಒಂದೂವರೆ ಪುಟವನ್ನು, ಅಗತ್ಯವಿಲ್ಲದಿದ್ದರೂ, ಹೊಲಿದುಕೊಟ್ಟರು. ಟೈಪಮ್ಮ ಲಕೋಟೆಗೆ ಅಂಟು ಹಚ್ಚುತ್ತಿದ್ದರು. ಮಾವ ಹೊರಡಲಿಲ್ಲ. ಕುರ್ಚಿಯ ಬೆನ್ನು ಹಿಡಿದುಕೊಂಡು, ಹೆಂಗಸರಿಬ್ಬರೂ ಮೆಟ್ಟಿಲಿಳಿಯಲು ಶುರು ಮಾಡುವವರೆಗೆ ಕಾದು, ಧ್ವನಿ ತಗ್ಗಿಸಿದರು. ಮೂವತ್ತೆಂಟು ವರ್ಷ ಇಡೀ ಶಾಲೆಗೆ ಕೇಳುವಂತೆ ಮಾತಾಡಿದವರು ಆಗ ಮಾತ್ರ ಮೊದಲ ಬೆಂಚಿನ ಹುಡುಗನಂತಿದ್ದರು.

"ಅಲ್ಲಮ್ಮಾ, ಒಂದು ಮಾತು. ಇದಕ್ಕೆ ಸಹಿ ಹಾಕಿದವರು ಬೇಗ ಹೋಗ್ಬಿಡ್ತಾರೆ ಅಂತ ಜನ ಹೇಳ್ತಾರಲ್ಲ. ನೀವು ನಲವತ್ತು ವರ್ಷದಿಂದ ನೋಡ್ತಿದ್ದೀರಿ. ನಿಜವೇ ಅದು?"

ಟೈಪಮ್ಮ ಲಕೋಟೆಯನ್ನು ಮೇಜಿನ ಮೇಲಿಟ್ಟು ಮುಷ್ಟಿಯಿಂದ ಒತ್ತಿದರು.

"ಹಾಕದೆ ಇದ್ದವರಲ್ಲಿ ಯಾರು ಉಳ್ಕೊಂಡಿದ್ದಾರೆ ಮೇಷ್ಟ್ರೇ? ಒಬ್ಬರ ಹೆಸರು ಹೇಳಿ ನೋಡೋಣ."